ಅಮಾವಾಸ್ಯೆಗೆ ಮುಂಚಿನ ನಾಲ್ಕು ದಿನ

ಪೆಟ್ಟಿಗೆ ನಮ್ಮ ಮೀನಿನ ಊಟ ಕದಿಯುತ್ತಿದೆ ಎಂದು ನನಗೆ ಮೊದಲು ಅನುಮಾನ ಬಂದದ್ದು ಸೋಣೆ ತಿಂಗಳಿನಲ್ಲಿ, ಮಳೆ ಇಳಿಯುವ ಹೊತ್ತಿಗೆ.

ನಾನು ಕಲಿತದ್ದು ಎರಡನೇ ಕ್ಲಾಸು. ಆದರೆ ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳಿಗೆ ಎಣಿಕೆ ತಪ್ಪುವುದಿಲ್ಲ. ಬೆಳಿಗ್ಗೆ ಪೆಟ್ಟಿಗೆಯ ಬಾಯಿಂದ ತೊಟ್ಟಿಗೆ ಏಳು ಉಂಡೆ ಬೀಳಬೇಕು. ಮೀನಿನ ಹುಡಿ, ಸಿಗಡಿಯ ಹುಡಿ ಕಲಸಿ ಕಟ್ಟಿದ ಉಂಡೆ, ಒಂದೊಂದು ನಿಂಬೆಹಣ್ಣಿನಷ್ಟು. ಒಂದು ಬಿದ್ದರೆ ನಾನು ಒಂದು ಹುಣಸೆ ಬೀಜವನ್ನು ತೆಂಗಿನ ಗೆರಟೆಗೆ ಹಾಕುತ್ತಿದ್ದೆ. ಆ ತಿಂಗಳು ಒಂದು ದಿನ ಐದೇ ಬೀಜ. ಮರುದಿನ ನಾಲ್ಕು. ಆಮೇಲೆ ಮೂರು, ಮೂರು. ಅಮಾವಾಸ್ಯೆ ಕಳೆದ ಕೂಡಲೇ ಮತ್ತೆ ಏಳು. ಮುಂದಿನ ತಿಂಗಳೂ ಹಾಗೇ ಆಯಿತು.

ಉಂಡೆ ತುಂಬಿಸಲು ಬರುವವನ ಹತ್ತಿರ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿದೆ. ಬೀಳದೆ ಉಳಿದ ಉಂಡೆಗಳೆಲ್ಲ ಒಳಗೇ ಇದ್ದವು. ಹಾಗಾದರೆ ಇದು ಕಳ್ಳತನವಲ್ಲ, ಜಿಪುಣತನ. ಯಾರು ಹೇಳಿ ಮಾಡಿಸಿದ ಜಿಪುಣತನ ಎಂಬುದು ಗೊತ್ತಾಗಲಿಲ್ಲ.

ಕಡಲು ಮುಚ್ಚಿ ಆಗ ಏಳು ವರ್ಷವಾಗಿತ್ತು. ಅಂಗಡಿ ಮುಚ್ಚಿದ ಹಾಗೆ ಕಡಲನ್ನೂ ಮುಚ್ಚಬಹುದು ಎಂದು ನನ್ನ ಅಪ್ಪನಿಗೆ ಯಾರಾದರೂ ಹೇಳಿದ್ದರೆ ಬೀಡಿ ಬಾಯಿಂದ ಬೀಳುವಷ್ಟು ನಗುತ್ತಿದ್ದ. ಬಲೆಯಲ್ಲಿ ಮೀನಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು ಬರತೊಡಗಿದ ಮೇಲೆ ಸರಕಾರ ದಡದುದ್ದಕ್ಕೂ ತಂತಿ ಬೇಲಿ ಎಳೆಯಿತು. ಕಡಲಿಗೆ ವಿಶ್ರಾಂತಿಯಂತೆ. ದೋಣಿ ಇಳಿಸುವುದು ಹೋಗಲಿ, ಕಾಲು ತೊಳೆಯುವುದಕ್ಕೂ ಬಿಡಲಿಲ್ಲ. ಅದರ ಬದಲಿಗೆ ನಮ್ಮ ಬಡಾಕೋಡಿಯ ನಲವತ್ತೊಂದು ಮನೆಗಳ ಚಾವಡಿಯಲ್ಲೂ ಗಾಜಿನ ತೊಟ್ಟಿ ಕಟ್ಟಿಸಿ, ಕೊಳವೆಯಲ್ಲಿ ಕಡಲ ನೀರು ತಂದು ತುಂಬಿಸಿ, ಬಂಡೆಯ ಸಂದಿಯಲ್ಲಿ ಬದುಕುವ ಮುರು ಮೀನಿನ ಒಂದೊಂದು ತಾಯಿಯನ್ನು ತಂದು ಬಿಟ್ಟರು. ಮೊಟ್ಟೆಯ ಕಾಲಕ್ಕೆ ಒಯ್ದು ಮರಿ ಮಾಡಿಸಿ, ಮರಿಗಳನ್ನು ಕಡಲಿಗೆ ಬಿಟ್ಟು, ತಾಯಿಯನ್ನು ನಮಗೆ ವಾಪಸು ತರುತ್ತಿದ್ದರು. ಕಡಲು ತೆರೆದ ದಿನ, ತೊಟ್ಟಿ ಉಳಿಸಿಕೊಂಡ ಮನೆಗೆ ಮಾತ್ರ ದೋಣಿಯ ಪರವಾನಗಿ. ನಮ್ಮ ಮನೆಯಿಂದ ನನ್ನ ಸೊಸೆ ಲತಿಕ ತನ್ನ ಹೆಸರು ಬರೆಸಿದ್ದಳು. ಬಡಾಕೋಡಿಯಲ್ಲಿ ದೋಣಿಗೆ ಹೆಸರು ಬರೆಸಿದ ಮೊದಲ ಹೆಂಗಸು ಅವಳೇ. ಗಂಡನಿಲ್ಲದೆ ದಡ ಸೇರಿದ ಅವನ ದೋಣಿಯ ಇಂಜಿನ್ನನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿ ಇಟ್ಟುಕೊಂಡಿದ್ದಳು.

ಮೀನು ಸಾಕುವುದು ಸುಲಭ, ನೀರು ಸಾಕುವುದು ಕಷ್ಟ. ಮೀನು ತಿಂದು ಬಿಟ್ಟದ್ದು, ತಿನ್ನದೆ ಬಿಟ್ಟದ್ದು ಎರಡೂ ನೀರಿನಲ್ಲೇ ಕೊಳೆಯುತ್ತದೆ. ಕೊಳೆತರೆ ವಿಷ. ತೊಟ್ಟಿಯ ಕಲ್ಲುಗಳ ಸಂದಿಯಲ್ಲಿ ಕಣ್ಣಿಗೆ ಕಾಣದ ಜೀವಗಳು ಆ ವಿಷವನ್ನೇ ತಿಂದು ಬದುಕಿರುತ್ತವೆ. ಆದರೆ ಅವಕ್ಕೂ ಒಂದು ಹೊಟ್ಟೆಯ ಅಳತೆ ಇದೆ. ಪ್ರೀತಿ ಹೆಚ್ಚಾಗಿ ನಾಲ್ಕು ತುತ್ತು ಜಾಸ್ತಿ ಹಾಕಿದರೆ ಮೂರನೇ ದಿನ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ನಮ್ಮ ಆಚೆ ಮನೆಯ ಕುಷ್ಟ ಹಾಗೆ ಮಾಡಿಯೇ ತನ್ನ ಮೀನು ಕಳೆದುಕೊಂಡ. ಅದು ಗಾಜಿಗೆ ಬಂದು ಮುಖ ತೋರಿಸಿದಾಗಲೆಲ್ಲ, ‘ಪಾಪ, ಹೊಟ್ಟೆ ಹಸಿತ್’ ಎಂದು ಬಂಗುಡೆ ಕತ್ತರಿಸಿ ಹಾಕುತ್ತಿದ್ದ. ತೊಟ್ಟಿಯನ್ನೇ ಕಿತ್ತುಕೊಂಡು ಹೋದರು.

ಅವನ ಕಥೆ ಆದ ಮೇಲೆಯೇ ಪೆಟ್ಟಿಗೆಗಳು ಬಂದದ್ದು. ಪೆಟ್ಟಿಗೆಯ ಕೆಳಗೆ ಒಂದು ತೆಳ್ಳಗಿನ ಪಟ್ಟಿ ನೀರಿಗೆ ಇಳಿದಿರುತ್ತದೆ. ಅದು ನೀರಿನ ರುಚಿ ನೋಡಿ, ಮೀನಿಗೆ ಎಷ್ಟು ಹಾಕಬೇಕು ಎಂದು ತಾನೇ ತೀರ್ಮಾನಿಸುತ್ತದೆ. ನಾವು ಅದಕ್ಕೆ ನಾಲಗೆ ಎನ್ನುತ್ತಿದ್ದೆವು. ನಲವತ್ತು ಮನೆಯ ನಲವತ್ತು ನಾಲಗೆಗಳೂ ಒಂದಕ್ಕೊಂದು ಮಾತಾಡಿಕೊಂಡು, ಒಂದರ ತಪ್ಪಿನಿಂದ ಇನ್ನೊಂದು ಕಲಿಯುತ್ತದಂತೆ. ನೀರು ಚೆನ್ನಾಗಿದ್ದರೆ ಹಸುರು ದೀಪ, ಸುಮಾರಾದರೆ ಹಳದಿ, ಕೆಟ್ಟರೆ ಕೆಂಪು. ಆರು ತಿಂಗಳಲ್ಲಿ ಮೂರು ಸಲ ಕೆಂಪಾದರೆ ಮೀನು ಹೋಯಿತು. ಹೊರಗಿನ ಒಂದು ಅಗುಳನ್ನೂ ತೊಟ್ಟಿಗೆ ಹಾಕುವುದಿಲ್ಲ ಎಂದು ನಾವೆಲ್ಲ ಭಜನಾ ಮಂದಿರದಲ್ಲಿ ದೀಪ ಮುಟ್ಟಿ ಆಣೆ ಮಾಡಿದ್ದೆವು.

ನಮ್ಮ ಮನೆಯ ದೀಪ ಎರಡು ಸಲ ಕೆಂಪಾಗಿತ್ತು. ಎರಡೂ ಸಲ ಅಮಾವಾಸ್ಯೆಯ ಮರುದಿನ.

‘ಹ್ವಾಯ್ ಬೇಬಕ್ಕ,’ ಎಂದು ಕುಷ್ಟ ಗೋಡೆಯ ಆಚೆಯಿಂದ ಕೂಗಿದ. ‘ನಿಮ್ಮ ದೊಡ್ಡಮ್ಮನಿಗೆ ಜ್ವರ ಅಂಬ್ರಲೆ? ಮುಖ ಎಲ್ಲ ಕೆಂಪಾಯ್ತಂಬ್ರ್!’

ದೊಡ್ಡಮ್ಮ ಎಂದರೆ ನಮ್ಮ ಮೀನು.

‘ನಿನ್ನದ್ ಹೊಟ್ಟೆ ಒಡ್ದ್ ಹೋಯ್ತ್. ನನ್ನದಕ್ಕೆ ಜ್ವರ ಬಂದ್ರ್ ಅಡ್ಡಿಲ್ಲೆ. ನಿನ್ನ ಕೆಲ್ಸ ಕಾಣ್,’ ಎಂದೆ.

ಅವನು ನಕ್ಕ. ಆ ನಗು ನನಗೆ ಸರಿಬರಲಿಲ್ಲ. ತೊಟ್ಟಿ ಹೋದವನಿಗೆ ಪಕ್ಕದ ಮನೆಯ ತೊಟ್ಟಿ ಕಣ್ಣು ಚುಚ್ಚುತ್ತದೆ. ನಮ್ಮ ಹಿಂಬಾಗಿಲ ಅಗುಳಿ ಸರಿಯಾಗಿ ಬೀಳುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಎರಡನೇ ಕೆಂಪಾದ ಮೇಲೆ ನನ್ನನ್ನು ಐಸ್ ಪ್ಲಾಂಟಿಗೆ ಕರೆಸಿದರು. ಮೊದಲು ದೋಣಿಗಳಿಗೆ ಮಂಜುಗಡ್ಡೆ ಮಾಡುತ್ತಿದ್ದ ಕಟ್ಟಡ, ಈಗ ನಾಲಗೆಗಳ ಮಾತೆಲ್ಲ ಬಂದು ಸೇರುವ ಜಾಗ. ಗೋಡೆಯ ತುಂಬ ಪರದೆ, ಪರದೆಯ ತುಂಬ ಗೆರೆ. ಅಮೋನಿಯದ ಹಳೆಯ ವಾಸನೆ ಮಾತ್ರ ಹೋಗಿರಲಿಲ್ಲ. ಅಲ್ಲಿ ಕೂರುವವಳು ಶಿವಲೀಲಾ, ಗದಗಿನ ಕಡೆಯ ಹೆಣ್ಣು. ಈ ಕೆಲಸಕ್ಕೆ ಬರುವವರೆಗೆ ಕಡಲು ಕಂಡವಳಲ್ಲ. ಮೊದಲ ದಿನ ಪುಸ್ತಕದಲ್ಲಿ ‘ಬೇಬಿ, ವಯಸ್ಸು ಎಪ್ಪತ್ತಮೂರು’ ಎಂದು ಓದಿ ನಗು ತಡೆಯಲಾರದೆ ನೀರು ಕುಡಿದಿದ್ದಳು. ಇವತ್ತು ನಗಲಿಲ್ಲ.

‘ಕೂಡ್ರಿ ಬೇಬಿಯಮ್ಮಾರ. ಇನ್ನೊಂದು ಕೆಂಪ ಆದ್ರ ನಾನೇ ಬಂದು ಮೀನ ಒಯ್ಯಬೇಕಾಗ್ತೈತಿ. ನಿಮ್ಮನ್ಯಾಗ ಯಾರೋ ಹೊರಗಿಂದ ಏನೋ ಹಾಕಾಕತ್ತಾರ.’

‘ನಮ್ಮನೆಯಂಗೆ ಯಾರೂ ಹಾಕೂದಿಲ್ಲೆ,’ ಎಂದೆ. ಹೇಳುವಾಗ ನೆಲ ನೋಡುತ್ತಿದ್ದೆ. ಮಾತನ್ನು ಆ ಕಡೆಯಿಂದ ತಪ್ಪಿಸಲು, ‘ನಿಮ್ಮ ಪೆಟ್ಟಿಗೆಯೇ ಸರಿ ಇಲ್ಲೆ. ಅಮಾಸೆಗೆ ನಾಲ್ಕ್ ದಿನ ಮುಂಚೆಯೇ ಮೀನಿನ ಹೊಟ್ಟೆಗೆ ಹೊಡಿತ್,’ ಎಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. ‘ನೀವು ಎಣಿಸೀರೇನು?’

‘ಹುಣಸೆ ಬೀಜದಂಗೆ.’

ಶಿವಲೀಲಾ ಎದ್ದು ಬಾಗಿಲು ಹಾಕಿದಳು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

‘ನಿಮ್ಮನ್ಯಾಗ ಅಷ್ಟ ಅಲ್ರಿ. ನಲವತ್ತೂ ಮನ್ಯಾಗ. ನಾಲ್ಕು ದಿನ ಮೊದಲ ಊಟ ಇಳಸ್ತೈತಿ. ಹಂಗ ಮಾಡು ಅಂತ ಅದಕ್ಕ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ. ಒಂದು ವರ್ಷದಾಗ ತಾನ ಕಲತೈತಿ. ಯಾಕ ಅಂತ ಕೇಳಿದ್ರ ನೀರು ಹಗುರ ಇರಬೇಕು ಅಂತೈತಿ, ಅಷ್ಟ. ದೊಡ್ಡ ಆಫೀಸಿನವರು ಇದು ರೋಗ ಅನ್ನಾಕತ್ತಾರ. ಬರೋ ಅಮಾಸಿ ನೋಡಿ, ಕಾರಣ ಸಿಗದಿದ್ರ ನಾಲಗಿ ಕಲತದ್ದನ್ನೆಲ್ಲಾ ಒರಸಿ ಹೊಸದಾಗಿ ಸುರು ಮಾಡ್ತಾರಂತ.’

ನಾನು ಗೆರೆಗಳನ್ನು ನೋಡಿದೆ. ಓದಲು ಬರದಿದ್ದರೂ ತೆರೆ ನೋಡಿದ ಕಣ್ಣು. ಅಮಾವಾಸ್ಯೆಯ ದಿನ ಒಂದೊಂದು ಗೆರೆಯೂ ಒಂದು ಸಲ ಮೇಲೆದ್ದು, ಹಳದಿ ಪಟ್ಟಿಯನ್ನು ಮುಟ್ಟಿ, ಕೆಳಗೆ ಬೀಳುತ್ತಿತ್ತು. ಒಂದು ಮನೆಯಲ್ಲಿ ಬೆಳಿಗ್ಗೆ, ಇನ್ನೊಂದು ಮನೆಯಲ್ಲಿ ಸಂಜೆ. ನಲವತ್ತರಲ್ಲಿ ಏಳದ ಗೆರೆ ಇರಲಿಲ್ಲ.

ನನಗೆ ಅರ್ಥವಾಯಿತು. ಅರ್ಥವಾದದ್ದು ಮುಖದ ಮೇಲೆ ಕಾಣದಿರಲಿ ಎಂದು ಸೆರಗಿನಲ್ಲಿ ಬೆವರು ಒರೆಸಿಕೊಂಡೆ.

ಬಡಾಕೋಡಿಯಲ್ಲಿ ಕಡಲಿಗೆ ಒಬ್ಬರನ್ನಾದರೂ ಕೊಡದ ಮನೆ ಇಲ್ಲ. ಹೆಣ ಸಿಕ್ಕದವರಿಗೆ ಅಮಾವಾಸ್ಯೆಯ ದಿನ ಎಡೆ ಬಡಿಸುತ್ತೇವೆ. ಎಲೆಯ ಮೇಲೆ ಅನ್ನ, ಮೀನಿನ ಸಾರು. ಮೊದಲು ಅದನ್ನು ಒಯ್ದು ಕಡಲಿಗೇ ಬಿಡುತ್ತಿದ್ದೆವು. ಬೇಲಿ ಬಂತು. ಆದರೆ ಸತ್ತವರಿಗೆ ಬೇಲಿಯ ಸುದ್ದಿ ಹೇಳುವವರು ಯಾರು? ನನ್ನ ಮಗ ಸುಕೇಶ ಹೋಗಿ ಒಂಬತ್ತು ವರ್ಷ. ಮೊದಲ ಎರಡು ವರ್ಷ ಕಡಲಿಗೆ ಬಿಟ್ಟೆ. ಆಮೇಲೆ ಅಂಗಳದ ಮೂಲೆಯಲ್ಲಿಟ್ಟೆ, ಕಾಗೆ ತಿಂದಿತು. ಅದು ಅವನಿಗೆ ಮುಟ್ಟಿತೆಂದು ನನಗೆ ಅನಿಸಲೇ ಇಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಚಾವಡಿಯಲ್ಲಿ ಕೂತಾಗ ಹೊಳೆಯಿತು: ಕಡಲ ನೀರು ನಮ್ಮ ಮನೆಯೊಳಗೇ ಇದೆಯಲ್ಲ. ಅವತ್ತಿನಿಂದ ಪ್ರತಿ ಅಮಾವಾಸ್ಯೆ, ಲತಿಕ ಉಂಡೆ ಕಟ್ಟುವ ಕೆಲಸಕ್ಕೆ ಹೋದ ಮೇಲೆ, ಒಂದು ಹಿಡಿ ತೊಟ್ಟಿಗೆ ಬಿಡುತ್ತಿದ್ದೆ. ಆಣೆ ಮಾಡಿದ ಕೈಯಲ್ಲೇ.

ನಾನೊಬ್ಬಳೇ ಪಾಪಿ ಎಂದುಕೊಂಡಿದ್ದೆ. ನಲವತ್ತು ಮನೆಯವರೂ ಒಬ್ಬರಿಗೊಬ್ಬರು ಮುಖ ಕೊಟ್ಟು ಸುಳ್ಳು ಹೇಳುತ್ತ ಬಂದಿದ್ದರು. ಗೊತ್ತಿದ್ದದ್ದು ಪೆಟ್ಟಿಗೆಗೆ ಮಾತ್ರ. ಅದು ಯಾರಿಗೂ ಹೇಳದೆ, ನಾಲ್ಕು ದಿನ ಮುಂಚಿನಿಂದಲೇ ಮೀನನ್ನು ಅರೆಹೊಟ್ಟೆಯಲ್ಲಿಟ್ಟು, ಆ ಒಂದು ಹಿಡಿಗೆ ನೀರಿನಲ್ಲಿ ಜಾಗ ಮಾಡಿಡುತ್ತಿತ್ತು.

‘ಹಾಂಗಾರೆ ನಮ್ಮದೊಂದೇ ಎಂತಕ್ಕೆ ಕೆಂಪು?’ ಎಂದು ಕೇಳಿದೆ.

‘ಅದನ್ನ ಹೇಳಾಕ ಕರದದ್ದು. ಎಲ್ಲಾರ ಮನ್ಯಾಗ ಒಮ್ಮೆ ಏರತೈತಿ. ನಿಮ್ಮನ್ಯಾಗ ಎರಡು ಸಲ. ಮಧ್ಯಾಹ್ನ ಒಮ್ಮೆ, ಸಂಜೀಗೊಮ್ಮೆ. ಹಿಂದ ಇಲ್ಲ, ಈಗ ಎರಡು ತಿಂಗಳಿಂದ.’

ಮಧ್ಯಾಹ್ನದ್ದು ನಾನು. ಸಂಜೆಯದು ಯಾರು?

ಮನೆಗೆ ಬಂದವಳೇ ತೊಟ್ಟಿಯ ಅಂಚನ್ನೆಲ್ಲ ಬೆರಳಲ್ಲಿ ಸವರಿದೆ. ಹಿಂಬದಿಯಲ್ಲಿ, ಗಾಜಿಗೂ ಮರದ ಚೌಕಟ್ಟಿಗೂ ನಡುವೆ, ಒಣಗಿದ ಒಂದು ಅಗುಳು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದೆ. ಬೆಳ್ತಿಗೆ ಅಕ್ಕಿಯದು, ಬಿಳಿ. ನಮ್ಮ ಒಲೆಯ ಮೇಲೆ ಬೇಯುವುದು ಕೆಂಪು ಕುಚ್ಚಲಕ್ಕಿ ಮಾತ್ರ. ಬೆಳ್ತಿಗೆ ಉಣ್ಣುವವನು ಕೇರಿಯಲ್ಲಿ ಒಬ್ಬನೇ: ಹೊಟ್ಟೆಹುಣ್ಣಿನ ಕುಷ್ಟ. ನಾವು ಸಂಜೆ ಇಲ್ಲದ ಹೊತ್ತು ಯಾವುದು ಎಂಬುದೂ ಅವನಿಗೆ ಗೊತ್ತು. ಏಳಕ್ಕೆ ಮುಂಚೆ ನಾನು ಭಜನೆಗೆ ಹೋಗುತ್ತೇನೆ, ಲತಿಕ ಕೆಲಸದಿಂದ ಬರುವುದು ಆಮೇಲೆ.

ಆ ಅಗುಳನ್ನು ಕಾಗದದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಲತಿಕಳ ಹತ್ತಿರ ಹೇಳಲಿಲ್ಲ. ಹೇಳಿದರೆ ಮಧ್ಯಾಹ್ನದ ಹಿಡಿಯ ಮಾತೂ ಹೊರಗೆ ಬರುತ್ತದೆ. ನನ್ನ ಹುಚ್ಚಿನಿಂದ ಅವಳ ದೋಣಿ ಹೋಗುತ್ತದೆ ಎಂದು ಅವಳಿಗೆ ತಿಳಿದರೆ ಆ ಮನೆಯಲ್ಲಿ ನಾನು ಹೇಗೆ ಕೂತು ಉಣ್ಣಲಿ?

ಅವಳೂ ಆ ದಿನಗಳಲ್ಲಿ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಒಮ್ಮೆ ಕೇಳಿಯೇ ಬಿಟ್ಟಳು.

‘ಅತ್ತೆ, ನೀವು ಮಧ್ಯಾಹ್ನ ಚಾವಡಿ ಬಾಗ್ಲ್ ಹಾಕಂತ್ರಿ ಅಂಬ್ರಲೆ. ಎಂತಕ್ಕೆ?’

‘ಗಾಳಿ.’

‘ಗಾಳಿಯಾ?’

‘ಗಾಳಿಯೇ. ನಿನ್ನ ಹತ್ರ ಯಾರ್ ಹೇಳದ್ದ್?’

‘ಕುಷ್ಟಣ್ಣ.’

ನೋಡಿ, ಅವನು ನಮ್ಮ ಬಾಗಿಲಿನ ಲೆಕ್ಕ ಇಟ್ಟಿದ್ದ!

ಅಮಾವಾಸ್ಯೆ ಹತ್ತಿರ ಬಂತು. ಐದು ಬೀಜ, ನಾಲ್ಕು, ಮೂರು, ಮೂರು. ದೊಡ್ಡಮ್ಮ ಕಲ್ಲಿನ ಬುಡ ಬಿಟ್ಟು ಗಾಜಿಗೆ ಬಂದು ನನ್ನ ಬೆರಳು ಹೋದಲ್ಲೆಲ್ಲ ಬರತೊಡಗಿತು. ಹೊಟ್ಟೆ ತುಂಬಿದ ಮುರು ಮೀನು ಹಾಗೆ ಮಾಡುವುದಿಲ್ಲ.

ಈ ಸಲ ನನ್ನ ಹಿಡಿಯನ್ನು ಬಿಟ್ಟುಬಿಡೋಣ ಎಂದು ಯೋಚಿಸಿದೆ. ಆಗ ಸಂಜೆಯ ಕಳ್ಳನ ಹಿಡಿ ಒಂದೇ ಆಗುತ್ತದೆ, ದೀಪ ಹಳದಿಯಲ್ಲಿ ನಿಲ್ಲುತ್ತದೆ. ಆದರೆ ಒಬ್ಬ ಕಳ್ಳನಿಗೋಸ್ಕರ ನನ್ನ ಮಗ ಉಪವಾಸ ಇರಬೇಕೆ? ಹಟ ಬಂತು. ಮಧ್ಯಾಹ್ನ ಬಾಗಿಲು ಹಾಕಿ, ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಕಲಸಿ, ಹಿಡಿ ತುಂಬ ನೀರಿಗೆ ಬಿಟ್ಟೆ. ದೀಪ ಹಸುರಿನಿಂದ ಹಳದಿಗೆ ಹೋಗಿ ಅಲ್ಲೇ ನಿಂತಿತು. ಇನ್ನೊಂದು ಹಿಡಿ ಬಿದ್ದರೆ ಕೆಂಪು. ಅದು ಬೀಳದಂತೆ ಕಾಯುವುದು ನನ್ನ ಕೆಲಸ.

ಸಂಜೆ ಭಜನೆಗೆ ಹೊರಟವಳ ಹಾಗೆ ತಾಳ ಹಿಡಿದುಕೊಂಡು, ಕುಷ್ಟನಿಗೆ ಕೇಳುವಂತೆ ಕೆಮ್ಮುತ್ತ ಅಂಗಳ ದಾಟಿದೆ. ಬಾವಿಯ ಬದಿಯಿಂದ ಸುತ್ತಿ ಬಂದು ಹಿಂಬಾಗಿಲಿನಿಂದ ಒಳಗೆ ಹೊಕ್ಕೆ. ಚಾವಡಿಯ ಮೂಲೆಯಲ್ಲಿ ಹಳೆಯ ಬಲೆಯ ರಾಶಿ ಇದೆ. ಅದರ ಹಿಂದೆ ಕೂತೆ. ಕೈಯಲ್ಲಿ ತೆಂಗಿನ ಗರಿಯ ಬುಡದ ಹೆಡೆಮಂಡೆಯ ತುಂಡು. ಕುಷ್ಟನ ಕಾಲಿಗೆ ಹೊಡೆಯುವುದೋ ಕೈಗೆ ಹೊಡೆಯುವುದೋ ಎಂದು ಮಾತ್ರ ತೀರ್ಮಾನವಾಗಿರಲಿಲ್ಲ.

ಹಿಂಬಾಗಿಲು ಅಲುಗಲಿಲ್ಲ. ಮುಂಬಾಗಿಲ ಬೀಗ ತೆರೆದ ಸದ್ದಾಯಿತು.

ಲತಿಕ.

ಕೆಲಸದ ಬಟ್ಟೆಯಲ್ಲೇ ಇದ್ದಳು. ತಲೆ ಮಾತ್ರ ಒದ್ದೆ. ಎಲ್ಲೋ ಸ್ನಾನ ಮಾಡಿ ಬಂದಿದ್ದಳು. ಕೆಲಸದಲ್ಲಿ ಕೊಡುವ ಊಟದ ಡಬ್ಬಿ ತೆರೆದು, ಅದರಲ್ಲಿದ್ದ ಬಿಳಿ ಅನ್ನವನ್ನು ಬಾಳೆಲೆಯ ತುಂಡಿಗೆ ಸುರಿದು, ಸಾರು ಹೊಯ್ದು ಕಲಸಿದಳು. ತೊಟ್ಟಿಯ ಹಿಂಬದಿಗೆ ಹೋಗಿ, ನೀರಿನ ಹತ್ತಿರ ಬಾಯಿ ಇಟ್ಟು ಮೆಲ್ಲಗೆ ಹೇಳಿದಳು.

‘ಬನಿ. ಉಣ್ಣಿ. ಬಿಸಿ ಇಲ್ಲೆ, ಸಿಟ್ಟ್ ಮಾಡ್ಬೇಡಿ.’

ನನ್ನ ಕೈಯಿಂದ ಹೆಡೆಮಂಡೆ ಜಾರಿತು. ಅವಳು ಬೆಚ್ಚಿ ತಿರುಗಿದಳು. ಅನ್ನ ಹಿಡಿದ ಕೈ ಇನ್ನೂ ನೀರಿನ ಮೇಲೇ ಇತ್ತು. ಸಾರು ಬೆರಳ ಸಂದಿಯಿಂದ ತೊಟ್ಟಿಕ್ಕಲು ಬಂದಿತ್ತು.

‘ಹಾಕ್ಬೇಡ ಹೆಣ್ಣೆ,’ ಎಂದೆ. ‘ಅವನ ಊಟ ಆಯ್ತ್.’

ಅವಳು ಹಳದಿ ದೀಪವನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಎಲೆಯ ಮೇಲೆ ಇಟ್ಟಳು. ದೊಡ್ಡಮ್ಮ ಗಾಜಿನೊಳಗೆ ಆ ಕಡೆ ಈ ಕಡೆ ಹೋಗುತ್ತಿತ್ತು.

‘ನೀವು ಬಾಗ್ಲ್ ಹಾಕಂಬುದ್ ಕೇಳಿ, ಕದ್ದ್ ಮೀನಿಗೆ ತಿನ್ಸ್ತ್ರಿ ಅಂದ್ಕಂಡಿದ್ದೆ,’ ಎಂದಳು ಕೊನೆಗೆ.

‘ನಿಂಗೆ ಎಂತಕ್ಕೆ ಈಗ ಎರಡ್ ತಿಂಗ್ಳಿಂದ?’

‘ಅವ್ರ್ ಕನಸಂಗೆ ಬಂದ್ರ್ ಅತ್ತೆ. ಹೊಟ್ಟೆ ಹಸಿತ್ ಅಂದ್ರ್.’

‘ನಾನ್ ಬಡಿಸ್ತಾ ಇದ್ದೆ ಅಲ್ದಾ! ಹಸಿವು ಹ್ಯಾಂಗೆ?’

ಅವಳು ಎಲೆಯ ಅಂಚನ್ನು ಮಡಚಿದಳು, ಬಿಡಿಸಿದಳು. ‘ಅವ್ರಿಗೆ ಕುಚ್ಚಲಕ್ಕಿ ಸೇರ್ತಿರ್ಲಿಲ್ಲೆ. ಬೆಳ್ತಿಗೆ ಅಂದ್ರೆ ಪ್ರಾಣ. ನಿಮ್ಮ ಹತ್ರ ಹೇಳೂಕೆ ಹೆದರ್ತಿದ್ರ್.’

ಅವನಿಗೆ ಮೊದಲ ಹಲ್ಲು ಬಂದ ವಾರ ನನಗೆ ನೆನಪಿದೆ. ಯಾವ ಮಳೆಗಾಲದಲ್ಲಿ ಯಾವ ಅಂಗಿ ಹಾಕಿದ್ದ ಎಂಬುದು ನೆನಪಿದೆ. ಬಟ್ಟಲಲ್ಲಿ ಪ್ರತಿ ಸಲ ಎರಡು ತುತ್ತು ಯಾಕೆ ಉಳಿಸುತ್ತಿದ್ದ ಎಂದು ಮಾತ್ರ ನಾನು ಒಂದು ದಿನವೂ ಕೇಳಿರಲಿಲ್ಲ.

ಆ ಎಲೆಯನ್ನು ಇಬ್ಬರೂ ಸೇರಿ ಉಂಡೆವು. ಮರುದಿನ ಬೆಳಿಗ್ಗೆ ದೀಪ ಹಸುರಾಗಿತ್ತು.

ಅದರಿಂದ ನಮ್ಮ ತೊಟ್ಟಿ ಉಳಿಯಿತು, ಸರಿ. ಆದರೆ ಪೆಟ್ಟಿಗೆ ಕಲಿತದ್ದನ್ನು ಒರೆಸಿಬಿಟ್ಟರೆ? ಮುಂದಿನ ಅಮಾವಾಸ್ಯೆಗೆ ಯಾರೂ ಜಾಗ ಮಾಡಿಟ್ಟಿರುವುದಿಲ್ಲ. ತುಂಬಿದ ನೀರಿಗೆ ನಲವತ್ತು ಹಿಡಿ ಬೀಳುತ್ತದೆ. ನಲವತ್ತು ಕೆಂಪು. ಲತಿಕ ತಾನೂ ಬರುತ್ತೇನೆ ಎಂದಳು. ಬೇಡ ಎಂದು ಒಬ್ಬಳೇ ಐಸ್ ಪ್ಲಾಂಟಿಗೆ ಹೋದೆ. ಆಣೆ ಮುರಿದದ್ದು ಹೇಳುವಾಗ ದೋಣಿಗೆ ಹೆಸರು ಬರೆಸಿದವಳು ಎದುರಿಗೆ ಇರಬಾರದು.

ನನ್ನದನ್ನು ಮಾತ್ರ ಹೇಳಿದೆ. ಉಳಿದವರ ಹೆಸರು ಎತ್ತಲಿಲ್ಲ. ಶಿವಲೀಲಾ ಪರದೆಯ ನಲವತ್ತು ಗೆರೆಗಳನ್ನೂ ಒಂದೊಂದಾಗಿ ನೋಡಿದಳು. ಅವಳು ಈಗ ಕಾನೂನು ಹೇಳುತ್ತಾಳೆ ಎಂದು ನಾನು ಕಾದೆ.

‘ಯವ್ವಾ, ನಮ್ಮ ಕಡೆ ಎಳ್ಳಮಾಸಿಗೆ ಹೊಲಕ್ಕ ಚರಗ ಚೆಲ್ಲತೀವಿ,’ ಎಂದಳು. ‘ಮಾಡಿದ ಅಡಗೀನೆಲ್ಲಾ ಬೆಳಿ ಮ್ಯಾಲ ಚೆಲ್ಲೂದು. ನಮ್ಮಪ್ಪ ಓದಿದ ನನ್ನ ಮುಂದ ನಾಚ್ಕೊಂತಿದ್ದ. ನಾ ಮಲಗೀನಿ ಅನ್ಕೊಂಡು ನಸುಕಿನ್ಯಾಗ ಹೋಗಿ ಚೆಲ್ಲಿ ಬರತಿದ್ದ.’ ಗೆರೆಗಳ ಕಡೆಯಿಂದ ಮುಖ ತಿರುಗಿಸಲಿಲ್ಲ. ‘ಅಮಾಸಿ ದಿನ ಕಡಲಿನ ನೀರು ಏರತೈತಿ ಅಲ್ರಿ?’

‘ಏರತ್ತ್. ದೊಡ್ಡ ಉಬ್ಬರ.’

‘ನಿಮ್ಮ ತೊಟ್ಟಿಗೆ ನೀರು ಬರೂದು ಕಡಲಿಂದ.’

‘ಹೌದ್.’

‘ಸಾಕು ಬಿಡ್ರಿ. ಕಾರಣ ಸಿಕ್ತು.’

ಅವಳು ಬರೆದದ್ದು ಏನು, ದೊಡ್ಡ ಆಫೀಸಿನವರು ಅದನ್ನು ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಒರೆಸಲು ಯಾರೂ ಬರಲಿಲ್ಲ. ಭಜನಾ ಮಂದಿರದಲ್ಲಿ ನಾವೆಲ್ಲ ಮೊದಲಿನಂತೆಯೇ ಒಬ್ಬರ ಮುಖ ಒಬ್ಬರು ನೋಡುತ್ತ ತಾಳ ಹಾಕುತ್ತಿದ್ದೆವು.

ಮುಂದಿನ ತಿಂಗಳು ಮತ್ತೆ ಹುಣಸೆ ಬೀಜ. ಈ ಸಲ ನಾಲ್ಕು, ಮೂರು, ಎರಡು, ಒಂದು. ಹಿಂದಿಗಿಂತ ಕಡಿಮೆ! ಅಮಾವಾಸ್ಯೆಯ ಸಂಜೆ ಅತ್ತೆ ಸೊಸೆ ಒಟ್ಟಿಗೆ ನಿಂತು ಬೆಳ್ತಿಗೆ ಅನ್ನದ ಒಂದೇ ಹಿಡಿ ಬಿಟ್ಟೆವು. ದೀಪ ಹಸುರಿನಲ್ಲೇ ಇತ್ತು. ಕಾದೆವು. ಹಳದಿಯಾಗಲಿಲ್ಲ.

‘ಕೆಟ್ಟಿತ್ತಾ?’ ಎಂದಳು ಲತಿಕ.

ಕೆಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಎರಡು ಹಿಡಿ ಬೀಳುತ್ತದೆ ಎಂದು ಅದು ಅಷ್ಟರಲ್ಲಿ ಕಲಿತಿತ್ತು. ಎರಡಕ್ಕೂ ಜಾಗ ಮಾಡಿ ಕೂತ ಪೆಟ್ಟಿಗೆ ಇನ್ನೊಂದಕ್ಕೆ ಕಾಯುತ್ತಿತ್ತು. ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದ ದೊಡ್ಡಮ್ಮ ಗಾಜಿಗೆ ಮೂತಿ ಇಟ್ಟುಕೊಂಡಿತ್ತು.

ಗೋಡೆಯ ಆಚೆ ಕುಷ್ಟ ಕೆಮ್ಮಿದ. ಸುಕೇಶ ಕಡಲಿಗೆ ಹೋಗಿ ಬಾರದ ದಿನ ಅವನ ದೋಣಿಯಲ್ಲಿ ಕುಷ್ಟನ ತಮ್ಮ ರಮಾನಂದನೂ ಇದ್ದ. ಕುಷ್ಟನ ತೊಟ್ಟಿ ಹೋಗಿ ಒಂದೂವರೆ ವರ್ಷ. ಅಲ್ಲಿಂದ ಆ ಹುಡುಗನಿಗೆ ಎಲ್ಲಿ ಬಡಿಸುತ್ತಿದ್ದಾನೆ ಎಂದು ನಾನು ಕೇಳಿರಲಿಲ್ಲ. ನಮ್ಮ ಬಾಗಿಲನ್ನು ಅವನು ಯಾಕೆ ಅಷ್ಟು ನೋಡುತ್ತಿದ್ದ ಎಂದೂ ಯೋಚಿಸಿರಲಿಲ್ಲ. ಅವನ ಕಾಲಿಗೆ ಹೊಡೆಯಲು ಹೆಡೆಮಂಡೆ ಹಿಡಿದು ಕೂತಿದ್ದೆ.

‘ಕುಷ್ಟಾ,’ ಎಂದು ಕೂಗಿದೆ. ‘ಎಲೆ ತಕಂಡ್ ಬಾ.’

‘ಎಂತ ಎಲೆ?’

‘ನಿಂಗೆ ಗೊತ್ತಿತ್ತ್. ಬಾ.’

ಬಂದ. ಬಾಗಿಲಲ್ಲೇ ನಿಂತ. ಎಲೆ ಕೈಯಲ್ಲಿತ್ತು, ಅನ್ನ ಅದರ ಮೇಲೆ ಮೊದಲೇ ಬಡಿಸಿಯಾಗಿತ್ತು. ಅವನ ಕಣ್ಣು ಪೆಟ್ಟಿಗೆಯ ದೀಪದ ಮೇಲೆ.

‘ಇದ್ ಹೇಳ್ತ್ ಬೇಬಕ್ಕ, ಐಸ್ ಪ್ಲಾಂಟಿಗೆ.’

‘ಹೇಳ್ಲಿ. ನಿನ್ನ ತಮ್ಮನಿಗೂ ಸೇರ್ಸಿಯೇ ಜಾಗ ಮಾಡಿತ್ತ್ ಅದ್. ಹಾಕ್.’

ಅವನು ಎಲೆ ಬಗ್ಗಿಸುವಾಗ ಒಂದೆರಡು ಅಗುಳು ಚೌಕಟ್ಟಿನ ಮೇಲೆ ಬಿದ್ದವು. ಅವನ್ನೂ ಆರಿಸಿ ನೀರಿಗೆ ಬಿಟ್ಟ. ದೀಪ ನಿಧಾನವಾಗಿ ಹಳದಿಗೆ ಬಂದು ಅಲ್ಲೇ ನಿಂತಿತು.

ನಾನು ಇವತ್ತಿಗೂ ಆ ಪೆಟ್ಟಿಗೆಯನ್ನು ನಂಬುವುದಿಲ್ಲ. ಇಷ್ಟೆಲ್ಲ ತಿಳಿದುಕೊಂಡು ಬಾಯಿ ಬಿಡದೆ ಕೂತವರನ್ನು ನಂಬುವುದು ಹೇಗೆ? ಹುಣಸೆ ಬೀಜದ ಗೆರಟೆ ತೊಟ್ಟಿಯ ಪಕ್ಕದಲ್ಲೇ ಇದೆ. ದಿನವೂ ಎಣಿಸುತ್ತೇನೆ. ಎಣಿಕೆ ಇಳಿಯತೊಡಗಿದರೆ ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ ಎಂದು ತಿಳಿದು, ಕುಷ್ಟನ ಪಾಲಿಗೂ ಸೇರಿಸಿ ಅಕ್ಕಿ ತೆಗೆದಿಡುತ್ತೇನೆ.